ನಾಳೆ ಏನು ಅಂತ ಇವತ್ತೇ ಹೇಳಿ: ಆಟಿಸಂ ಇರುವ ಮನೆಗೆ ಒಂದು ಮಾರ್ಗದರ್ಶಿ

ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುವವಳು ನಾನು. ತಕ್ಕಡಿ ಒರೆಸಿ ಸೊನ್ನೆಗೆ ತರುವವನು ನನ್ನ ತಮ್ಮ. ಅವನಿಗೀಗ 24 ವರ್ಷ. ಆಟಿಸಂ ಇದೆ, ಅಂದರೆ ಮಾತು, ಜನರ ಜೊತೆ ಬೆರೆಯುವುದು, ಬದಲಾವಣೆ ಇವನ್ನೆಲ್ಲ ಅವನ ಮಿದುಳು ಬೇರೆ ರೀತಿಯಲ್ಲಿ ತೆಗೆದುಕೊಳ್ಳುತ್ತದೆ. ಕಾಲು ಕೆಜಿ ಸಕ್ಕರೆ ಪಾಕೀಟು ಕಟ್ಟುವಾಗ ಕೆಂಪು ಅಂಕಿ 250 ತೋರಿಸುವವರೆಗೂ ಚಿಟಿಕೆ ಚಿಟಿಕೆ ಹಾಕುತ್ತಾನೆ. 251 ಬಂತೋ, ತೆಗೆಯುತ್ತಾನೆ. ಗಿರಾಕಿ ಎಷ್ಟು ಅವಸರ ಮಾಡಿದರೂ ಅಷ್ಟೇ.

ಅಂಗಡಿಗೆ ಬರುವ ಕೆಲವು ತಾಯಂದಿರು ಅವನನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಅಕ್ಕಾರ, ನಮ್ಮ ಹುಡುಗಗೂ ಹಿಂಗ ಐತ್ರಿ. ನೀವು ಹೆಂಗ ಮಾಡಿದ್ರಿ?" ಉಪ್ಪು ತೂಗುತ್ತಾ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತೆ. ನಾನು ಡಾಕ್ಟರೂ ಅಲ್ಲ, ಥೆರಪಿಸ್ಟೂ ಅಲ್ಲ. ಅವನ ಅಕ್ಕ, ಅಷ್ಟೇ.

ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಒಂದು. "ಧೈರ್ಯವಾಗಿರಿ" ಅಂತ ಯಾರು ಹೇಳಿದರೂ ನಮಗೆ ಧೈರ್ಯ ಬರಲಿಲ್ಲ. ಮುಂದೆ ಏನಾಗುತ್ತದೆ ಅಂತ ತಮ್ಮನಿಗೆ ಗೊತ್ತಿದ್ದ ದಿನ ಅವನು ಆರಾಮಾಗಿದ್ದ, ನಾವೂ ಆರಾಮಾಗಿದ್ದೆವು. ಗೊತ್ತಿಲ್ಲದ ದಿನ ಮನೆಯೆಲ್ಲ ರಂಪ. ಕೆಳಗಿನ ಹೆಜ್ಜೆಗಳೆಲ್ಲ ಸುತ್ತಿ ಬಳಸಿ ಇದೇ ಮಾತಿಗೆ ಬರುತ್ತವೆ.

ಹೆಜ್ಜೆ 1: ಅನುಮಾನ ಬಂದರೆ ಕಾಯಬೇಡಿ

ಚಿಕ್ಕವನಿದ್ದಾಗ ಅವನಿಗೆ ಕಿನ್ನಾಳದ ಮರದ ಗೊಂಬೆ ತಂದುಕೊಟ್ಟಿದ್ದರು. ಅವನು ಅವುಗಳ ಜೊತೆ ಆಡಲಿಲ್ಲ. ಗೋಡೆಗುಂಟ ಸಾಲಾಗಿ ಇಟ್ಟ. ಒಂದನ್ನು ಯಾರಾದರೂ ಸರಿಸಿದರೆ ಮನೆ ಹಾರಿಹೋಗುವಂತೆ ಅಳುತ್ತಿದ್ದ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಒಳಕೋಣೆಯಲ್ಲಿ ಚಾಕಲೇಟಿನ ಕಾಗದ ಬಿಚ್ಚಿದರೆ ಓಡಿ ಬರುತ್ತಿದ್ದ. "ಗಂಡು ಹುಡುಗ್ರು ಮಾತು ತಡ ಮಾಡ್ತಾವು, ಸುಮ್ನಿರ್ರಿ" ಅಂತ ಎಲ್ಲರೂ ಅಂದರು. ನಾವು ಅವನಿಗೆ ಐದು ವರ್ಷ ಆಗುವವರೆಗೂ ಸುಮ್ಮನಿದ್ದೆವು. ಆ ತಪ್ಪು ನೀವು ಮಾಡಬೇಡಿ.

ಇಷ್ಟನ್ನು ಗಮನಿಸಿ. ಒಂದು ವರ್ಷವಾದರೂ ಹೆಸರು ಕರೆದರೆ ನೋಡುವುದಿಲ್ಲ. ಒಂದೂವರೆ ವರ್ಷವಾದರೂ ಬೆರಳು ಮಾಡಿ "ಅಲ್ಲಿ ನೋಡು" ಅಂತ ತೋರಿಸುವುದಿಲ್ಲ. ಆಡುತ್ತಿದ್ದ ಎರಡು ಮಾತೂ ನಿಂತುಹೋಯಿತು. ಒಂದೇ ಆಟ, ಒಂದೇ ಕೈಚಲನೆ ಮತ್ತೆ ಮತ್ತೆ. ಇವುಗಳಲ್ಲಿ ಕೆಲವು ಕಂಡರೂ ತೋರಿಸಿಕೊಂಡು ಬನ್ನಿ. ಆಟಿಸಂ ಅಲ್ಲ ಅಂದರೆ ನಷ್ಟವೇನು, ಬಸ್ ಚಾರ್ಜು ಅಷ್ಟೇ ಅಲ್ವಾ?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದೆ ತಿರುಗದಿರುವುದು ಬೇರೆ, ಕೇಳಿಸಿಯೂ ತಿರುಗದಿರುವುದು ಬೇರೆ. ಆಮೇಲೆ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಎಲ್ಲಿದೆ ಅಂತ ಕೇಳಿ. ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ಸರ್ಕಾರಿ ಕೇಂದ್ರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಬರುತ್ತದೆ, 18 ವರ್ಷದೊಳಗಿನ ಮಕ್ಕಳಿಗೆ. ಅಂಗನವಾಡಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ಹೇಳಿದರೆ ದಾರಿ ತೋರಿಸುತ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ಮಕ್ಕಳ ವಿಭಾಗ, ಮನೋರೋಗ ವಿಭಾಗ ಎರಡಕ್ಕೂ ತೋರಿಸಿ. ಇನ್ನೂ ವಿವರವಾಗಿ ನೋಡಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ.

ಒಂದು ಉಪಾಯ: ಹೋಗುವ ಮುಂಚೆ ಮಗುವಿನ ನಾಲ್ಕೈದು ಸಣ್ಣ ವಿಡಿಯೋ ಮಾಡಿಕೊಳ್ಳಿ. ಊಟ ಮಾಡುವಾಗ, ಆಡುವಾಗ, ಸಿಟ್ಟು ಬಂದಾಗ. ಆಸ್ಪತ್ರೆಯಲ್ಲಿ ಹತ್ತು ನಿಮಿಷ ಸಿಗುತ್ತದೆ. ಆ ಹತ್ತು ನಿಮಿಷ ಮಗು ಕುರ್ಚಿಯ ಕೆಳಗೆ ಅಡಗಿ ಕೂತರೆ ಡಾಕ್ಟರಿಗೆ ಏನು ಕಾಣಬೇಕು?

ರಕ್ತ ಪರೀಕ್ಷೆ, ಸ್ಕ್ಯಾನ್‌ನಲ್ಲಿ ಆಟಿಸಂ ಕಾಣುವುದಿಲ್ಲ. ನಡವಳಿಕೆ ನೋಡಿ, ಮನೆಯವರನ್ನು ಕೇಳಿಯೇ ಹೇಳುತ್ತಾರೆ. ಅದು ಕಾಯಿಲೆಯಲ್ಲ, ಮಿದುಳು ಬೆಳೆದ ರೀತಿಯೇ ಬೇರೆ. ಆದ್ದರಿಂದ "ಗುಣ ಮಾಡುವ" ಮಾತ್ರೆ ಇಲ್ಲ. ನಿದ್ದೆಗೆ, ಫಿಟ್ಸ್‌ಗೆ, ತೀರಾ ಸಿಟ್ಟಿಗೆ ಡಾಕ್ಟರು ಔಷಧಿ ಕೊಡಬಹುದು, ಅದು ಬೇರೆ ಮಾತು. ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೊಲ ಮಾರಿ ಹೋಗಬೇಡಿ.

ಹಾಗೆಯೇ ಲಸಿಕೆಯಿಂದ ಆಟಿಸಂ ಬರುವುದಿಲ್ಲ. ಬರುತ್ತದೆ ಅನ್ನಿಸುವಂತೆ 1998ರಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ತಾಯಿ ಸರಿಯಾಗಿ ಎತ್ತಿ ಆಡಿಸಲಿಲ್ಲ ಅನ್ನುವುದೂ ಸುಳ್ಳು. ನಮ್ಮವ್ವ ಗ್ರಹಣದ ದಿನ ಹೊರಗೆ ಬಂದಿದ್ದೆ ಅಂತ ವರ್ಷಗಟ್ಟಲೆ ತನ್ನನ್ನೇ ಬೈದುಕೊಂಡಳು. ಆ ಸಂಕಟ ಇನ್ನೊಬ್ಬ ತಾಯಿಗೆ ಬೇಡ.

ಸರ್ಕಾರಿ ಕಾಗದದಲ್ಲಿ ಇದಕ್ಕೆ "ಸ್ವಲೀನತೆ" ಎಂದಿರುತ್ತದೆ. ತನ್ನಲ್ಲೇ ಲೀನ ಅಂತ ಅರ್ಥ. ನನಗೆ ಆ ಪದ ಸೇರುವುದಿಲ್ಲ. ಅಂಗಡಿಗೆ ಯಾರು ಬಂದರು, ಹೋದ ವಾರ ಯಾವ ಸೋಪು ಒಯ್ದರು, ಎಲ್ಲ ಅವನಿಗೆ ನೆನಪಿರುತ್ತದೆ. ನನಗೆ ಇರುವುದಿಲ್ಲ.

ಹೆಜ್ಜೆ 2: ಕಾಗದಪತ್ರ

ಬೇಸರದ ಕೆಲಸ, ಆದರೆ ಒಂದೇ ಸಲ ಮಾಡಿ ಮುಗಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡುವ ಮುಂಚೆ 40 ಅಂಶಗಳ ಒಂದು ಅಳತೆಪಟ್ಟಿ ಇಟ್ಟುಕೊಂಡು ನೋಡುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆಚ್ಚಿನ ಸವಲತ್ತು ಸಿಗುತ್ತವೆ. ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಮಾಸಾಶನಕ್ಕೆ ನಾಡಕಚೇರಿ.

ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಅವರನ್ನು ಹಿಡಿಯಿರಿ. ಅಂಗವಿಕಲರ ಕೆಲಸಕ್ಕೆಂದೇ ಇರುವವರು ಅವರು. ತಾಲೂಕಿನಲ್ಲಿ ಎಂ.ಆರ್.ಡಬ್ಲ್ಯೂ. ಇರುತ್ತಾರೆ. ನಿರಾಮಯ ಎಂಬ ಆರೋಗ್ಯ ವಿಮೆಯನ್ನೂ ಕೇಳಿ ನೋಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ಯೋಜನೆ, 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿ ಖರ್ಚಿಗೂ ಒಂದು ಮಿತಿಯೊಳಗೆ ಸಿಗುತ್ತದೆ.

ಎಲ್ಲದರ ಐದೈದು ಜೆರಾಕ್ಸ್ ಮಾಡಿಸಿ ಒಂದೇ ಫೈಲಿನಲ್ಲಿಡಿ. ಆಫೀಸಿಗೆ ಹೋಗುವ ದಿನ ಮಗುವನ್ನೂ ಕರೆದೊಯ್ಯಬೇಕಾದರೆ, ಅಲ್ಲಿ ಕಾಯುವುದಿದೆ ಅಂತ ಅದಕ್ಕೂ ಮೊದಲೇ ಹೇಳಿ. ಹೇಗೆ ಹೇಳುವುದು ಅನ್ನುವುದೇ ಮುಂದಿನ ಹೆಜ್ಜೆ.

ಹೆಜ್ಜೆ 3: ದಿನವನ್ನು ಗೋಡೆಗೆ ಹಚ್ಚಿ

ಇಷ್ಟೂ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಬಿಸ್ಕತ್ತಿನ ರಟ್ಟಿನ ಡಬ್ಬಿ ಕತ್ತರಿಸಿ ಅಂಗೈ ಅಗಲದ ತುಂಡು ಮಾಡಿ. ಒಂದೊಂದರ ಮೇಲೆ ಒಂದೊಂದು ಕೆಲಸದ ಚಿತ್ರ. ಚಿತ್ರ ಬರೆಯಲು ಬರದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ನಿಮ್ಮ ಮನೆಯದೇ ವಸ್ತುವಿರಲಿ. ಸ್ನಾನದ ಕಾರ್ಡಿಗೆ ನಾವು ಮೊದಲು ಪುಸ್ತಕದ ಚಿತ್ರ ಅಂಟಿಸಿದ್ದೆವು. ಅದರಲ್ಲಿ ಬಿಳಿ ಟಬ್ಬು, ನೊರೆ, ಬಾತುಕೋಳಿ. ತಮ್ಮ ಅದನ್ನು ನೋಡಿ ಬಚ್ಚಲಿಗೆ ಹೋದ, ಟಬ್ಬು ಇಲ್ಲ, ವಾಪಸ್ ಬಂದ. ನಮ್ಮ ತಾಮ್ರದ ಹಂಡೆಯ ಫೋಟೋ ಹಾಕಿದ ಮೇಲೆ ಸರಿಹೋಯಿತು.

ಬೆಳಿಗ್ಗೆಯ ಐದು ಕಾರ್ಡು ಮೇಲಿನಿಂದ ಕೆಳಗೆ ಗೋಡೆಗೆ ಹಚ್ಚಿ: ಹಲ್ಲುಜ್ಜು, ಸ್ನಾನ, ಅಂಗಿ, ರೊಟ್ಟಿ, ಶಾಲೆ. ಒಂದು ಕೆಲಸ ಮುಗಿದ ಕೂಡಲೇ ಆ ಕಾರ್ಡು ಮಗುವಿನ ಕೈಯಿಂದಲೇ ತೆಗೆಸಿ ಡಬ್ಬಿಗೆ ಹಾಕಿಸಿ. ಡಬ್ಬಿಗೆ ಬಿದ್ದದ್ದು ಮುಗಿಯಿತು, ಗೋಡೆಯ ಮೇಲಿರುವುದು ಬಾಕಿ. ಎರಡು ಮೂರು ವಾರ ಏನೂ ಆಗದಂತೆ ಕಾಣುತ್ತದೆ. ಬಿಡಬೇಡಿ.

ಆಮೇಲೆ ಒಂದು ಕೆಂಪು ಕಾರ್ಡು ಮಾಡಿ. ಅದು "ಬದಲಾಗಿದೆ" ಕಾರ್ಡು. ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಫ್ಯಾನು ನಿಂತ ಕೂಡಲೇ ಅವನು ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಸುಮ್ಮನೆ ಒಂದು ಸಂಜೆ, ಕರೆಂಟಿದ್ದಾಗಲೇ, ಕೆಂಪು ಕಾರ್ಡು ತೋರಿಸಿ ನಾನೇ ಮೇನ್ ಸ್ವಿಚ್ ಆಫ್ ಮಾಡಿದೆ. ಹತ್ತು ಎಣಿಸಿ ಆನ್ ಮಾಡಿದೆ. ಮರುದಿನ ಇಪ್ಪತ್ತು ಎಣಿಸಿದೆವು. ಹೀಗೆ ಒಂದು ತಿಂಗಳು ಆಟದಂತೆ ಮಾಡಿದೆವು. ಈಗ ಕರೆಂಟು ಹೋದರೆ ಅವನೇ ಹೋಗಿ ಕೆಂಪು ಕಾರ್ಡು ತಂದು ಕೌಂಟರ್ ಮೇಲಿಡುತ್ತಾನೆ. ಗಿರಾಕಿಗಳಿಗೂ ತೋರಿಸುತ್ತಾನೆ.

ಮಾತಾಡುವಾಗಲೂ ನೋಡಿ ಮಾತಾಡಿ. ನಾವು ಮನೆಯಿಂದ ಹೊರಡುವಾಗ "ಬರ್ತೀನಿ" ಅನ್ನುತ್ತೇವೆ. ಸೋದರಮಾವ "ಬರ್ತೀನಪ್ಪಾ" ಅಂತ ಹೇಳಿ ಊರಿಗೆ ಹೊರಟರೆ ನನ್ನ ತಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದ. ಮಾವ ಬರುತ್ತೇನೆ ಅಂದಿದ್ದಾರಲ್ಲ! ಒಮ್ಮೆ ಒಂದು ತಾಸು ನಿಂತಿದ್ದನ್ನು ನಾನು ನೋಡಿದ್ದೇನೆ. ಈಗ ನಮ್ಮ ನೆಂಟರಿಗೆಲ್ಲ ರೂಢಿಯಾಗಿದೆ, "ನಾನು ಊರಿಗೆ ಹೋಗ್ತೀನಿ, ದೀಪಾವಳಿಗೆ ಬರ್ತೀನಿ" ಅನ್ನುತ್ತಾರೆ. "ಐದು ನಿಮಿಷ" ಅಂದರೆ ಗಡಿಯಾರದ ಐದು ನಿಮಿಷವೇ ಇರಲಿ. "ಆಮೇಲೆ ನೋಡೋಣ" ಅನ್ನುವುದನ್ನು ಬಿಟ್ಟೇಬಿಡಿ.

ಇದೇನು ಹೊಸ ವಿದ್ಯೆಯಲ್ಲ. ಲಿಯೋ ಕ್ಯಾನರ್ ಎಂಬ ಡಾಕ್ಟರು 1943ರಲ್ಲಿ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ವಿವರವಾಗಿ ಬರೆದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಆ ಮಕ್ಕಳ ಪಟ್ಟನ್ನು ಗುರುತಿಸಿದ್ದರು.

ಹೆಜ್ಜೆ 4: ಸದ್ದು, ಬಟ್ಟೆ, ಊಟ, ಬಿಸಿಲು

ನಮಗೆ ಮಿಕ್ಸರ್ ಸದ್ದು ಸದ್ದು ಮಾತ್ರ. ಕೆಲವರಿಗೆ ಅದು ಕಿವಿಯೊಳಗೆ ಮೊಳೆ ಹೊಡೆದಂತೆ. ಗಿಣಿಗೇರಾ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು ಕಿವಿಗೆ ಹಾಕಿಕೊಳ್ಳುವ ಸದ್ದು ತಡೆಯುವ ಸಾಧನ ಇರುತ್ತದಲ್ಲ, ಹೆಡ್‌ಫೋನ್ ತರಹದ್ದು, ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ತಂದಿಡಿ. ಮಿಕ್ಸರ್ ಹಾಕುವ ಮುಂಚೆ "ಮಿಕ್ಸರ್ ಹಾಕ್ತೀನಿ" ಅಂತ ಹೇಳಿ ಮೂರು ಎಣಿಸಿ.

ಅಂಗಿಯ ಕೊರಳಪಟ್ಟಿಯ ಲೇಬಲ್ ಕತ್ತರಿಸಿ. ಬನಿಯನ್ನು ಹೊಲಿಗೆ ಹೊರಗೆ ಬರುವಂತೆ ತಿರುವಿ ಹಾಕಿದರೂ ಪರವಾಗಿಲ್ಲ. ಹಬ್ಬದ ಹೊಸ ಬಟ್ಟೆಯನ್ನು ನಾಲ್ಕು ಸಲ ಒಗೆದು ಮೆತ್ತಗೆ ಮಾಡಿ, ಹಬ್ಬಕ್ಕೆ ಮುಂಚೆಯೇ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಿ. ಊಟದಲ್ಲಿ ನಮ್ಮವನಿಗೆ ಖಡಕ್ ರೊಟ್ಟಿಯೇ ಆಗಬೇಕು, ಮೆತ್ತನೆಯ ರೊಟ್ಟಿ ಬಾಯಿಗೆ ಹೋಗುವುದಿಲ್ಲ. ಪಲ್ಯ ಅನ್ನಕ್ಕೆ ತಾಗಬಾರದು. ಮೊದಮೊದಲು ಅವ್ವ ಬೈಯುತ್ತಿದ್ದಳು. ಈಗ ಖಾನೆ ಇರುವ ಸ್ಟೀಲ್ ತಟ್ಟೆ ಇದೆ, ಜಗಳ ಮುಗಿಯಿತು.

ಬೇಸಿಗೆ ಮಾತ್ರ ಹುಷಾರು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಬಾಯಾರಿಕೆ ಆಗಿದೆ ಅಂತ ತಿಳಿಯುವುದು, ಅದನ್ನು ಹೇಳುವುದು ಇವರಲ್ಲಿ ಹಲವರಿಗೆ ಕಷ್ಟ. ಕೇಳಿದಾಗ ಕೊಡೋಣ ಅಂತಿದ್ದರೆ ಆಗುವುದಿಲ್ಲ. ತಾಸಿಗೊಂದು ನೀರಿನ ಕಾರ್ಡು ಹಚ್ಚಿ. ನೋವೂ ಹಾಗೆಯೇ. ಚೆನ್ನಾಗಿದ್ದ ಮಗು ಏಕಾಏಕಿ ತಲೆ ಚಚ್ಚಿಕೊಳ್ಳತೊಡಗಿದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಮಲಬದ್ಧತೆಯೂ ಇರಬಹುದು.

ಹೆಜ್ಜೆ 5: ತಡೆಯಲಾಗದೆ ಉಕ್ಕಿ ಬಂದಾಗ

ಇದನ್ನು ಹಟ ಅನ್ನಬೇಡಿ. ಹಟ ಮಾಡುವ ಮಗು ಕೇಳಿದ್ದು ಕೊಟ್ಟರೆ ಸುಮ್ಮನಾಗುತ್ತದೆ. ಇದು ಸದ್ದು, ಬೆಳಕು, ಜನ, ಗೊತ್ತಿಲ್ಲದ ಬದಲಾವಣೆ ಎಲ್ಲ ಸೇರಿ ಹಾಲು ಉಕ್ಕಿದಂತೆ. ಉಕ್ಕುವಾಗ ಬುದ್ಧಿ ಹೇಳಿದರೆ ಕೇಳಿಸುವುದಿಲ್ಲ.

ಆಗ ಮಾತು ಕಡಿಮೆ ಮಾಡಿ. ಸುತ್ತಲಿನವರನ್ನು ದೂರ ಕಳಿಸಿ. ಟಿವಿ, ಟ್ಯೂಬ್‌ಲೈಟ್ ಆರಿಸಿ. ತಲೆಗೆ ಪೆಟ್ಟಾಗದಂತೆ ದಿಂಬು ಕೊಡಿ. ಮಗುವಿಗೆ ಬೇಕಿದ್ದರೆ ಮಾತ್ರ ಮುಟ್ಟಿ. ನನ್ನ ತಮ್ಮನಿಗೆ ಬಿಗಿಯಾಗಿ ಕಂಬಳಿ ಸುತ್ತಿಕೊಳ್ಳುವುದು ಇಷ್ಟ, ಇನ್ನೊಬ್ಬರಿಗೆ ಅದೇ ಹಿಂಸೆಯಾಗಬಹುದು. ಹೊಡೆಯಬೇಡಿ. ನಮ್ಮಪ್ಪ ಹೊಡೆದಿದ್ದಾರೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತಿದ್ದಾರೆ. ಯಾರಿಗೂ ಲಾಭವಾಗಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯಿತು, ಯಾವುದರಿಂದ ಕಡಿಮೆಯಾಯಿತು. ನಮ್ಮ ಪುಸ್ತಕದಲ್ಲಿ ಎರಡು ತಿಂಗಳಾದ ಮೇಲೆ ಕಂಡದ್ದು ಏನು ಗೊತ್ತೇ? ಎಂಟು ಸಲದಲ್ಲಿ ಆರು ಸಲ ಮಂಗಳವಾರ. ಅವತ್ತು ಸಗಟು ಅಂಗಡಿಯ ಟೆಂಪೋ ಬಂದು ಮೂಟೆ ಇಳಿಸುತ್ತಿತ್ತು, ದಬ್ ದಬ್ ಅಂತ. ನಾವು ಅದನ್ನು ಗ್ರಹಚಾರ ಅಂದುಕೊಂಡಿದ್ದೆವು.

ಫಿಟ್ಸ್ ಬೇರೆ ವಿಷಯ. ಆಟಿಸಂ ಇರುವವರಲ್ಲಿ ಅದು ಬೇರೆಯವರಿಗಿಂತ ಜಾಸ್ತಿ. ಬಂದರೆ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಹೆಜ್ಜೆ 6: ಮಾತು ಬರದಿದ್ದರೂ ಹೇಳಲಿ

ಸ್ಪೀಚ್ ಥೆರಪಿ ವಾರಕ್ಕೆ ಒಂದು ತಾಸು ಸಿಕ್ಕರೆ ದೊಡ್ಡದು. ಉಳಿದ ಹೊತ್ತು ಮಗು ಇರುವುದು ನಿಮ್ಮ ಜೊತೆ. ಆದ್ದರಿಂದ ಥೆರಪಿಸ್ಟ್ ಮುಂದೆ ಸುಮ್ಮನೆ ಕೂರಬೇಡಿ. "ಈ ವಾರ ಮನೆಯಲ್ಲಿ ಏನು ಮಾಡಲಿ?" ಅಂತ ಕೇಳಿ, ಬರೆದುಕೊಂಡು ಬನ್ನಿ.

ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ಬರುವುದೇ ಇಲ್ಲ ಅನ್ನುವವರಿದ್ದಾರೆ. ಹಾಗೇನಿಲ್ಲ. ಚಿತ್ರ, ಸನ್ನೆ, ಮೊಬೈಲು ಯಾವುದರಿಂದಾದರೂ ತನಗೆ ಬೇಕಾದ್ದನ್ನು ಹೇಳಿದರೆ ಚೀರುವುದು ಕಡಿಮೆಯಾಗುತ್ತದೆ. ಮೊದಲು ಕಲಿಸಬೇಕಾದ ಕಾರ್ಡು "ನೀರು" ಅಂತ ನಾವು ತಿಳಿದಿದ್ದೆವು. ಜಾಸ್ತಿ ಕೆಲಸಕ್ಕೆ ಬಂದದ್ದು "ಸಾಕು" ಕಾರ್ಡು.

ಮನೆಯಲ್ಲಿ ಲಂಬಾಣಿಯೋ ಉರ್ದುವೋ ತೆಲುಗೋ ಇದ್ದರೆ ಅದನ್ನು ಬಿಡಬೇಕಿಲ್ಲ. ಎರಡು ಭಾಷೆಯಿಂದ ಆಟಿಸಂ ಇರುವ ಮಗುವಿಗೆ ಕೆಡುಕಾಗುವುದಿಲ್ಲ. ಅಜ್ಜಿಯ ಭಾಷೆ ಕಿತ್ತುಕೊಂಡರೆ ಅಜ್ಜಿಯನ್ನೂ ಕಿತ್ತುಕೊಂಡಂತೆ.

ಹೆಜ್ಜೆ 7: ಹೊಸ್ತಿಲು ದಾಟುವುದು

ಕಟಿಂಗ್ ಶಾಪಿನಿಂದ ಶುರು ಮಾಡೋಣ, ನಮ್ಮ ಮನೆಯ ದೊಡ್ಡ ಯುದ್ಧ ಅದೇ ಆಗಿತ್ತು. ಮೂವರು ಹಿಡಿದುಕೊಂಡರೂ ಆಗುತ್ತಿರಲಿಲ್ಲ. ಆಮೇಲೆ ಹೀಗೆ ಮಾಡಿದೆವು. ಮೊದಲ ದಿನ ಅಂಗಡಿಯ ಮುಂದೆ ನಡೆದು ವಾಪಸ್ ಬಂದೆವು, ಅಷ್ಟೇ. ಎರಡನೇ ಸಲ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಎದ್ದು ಬಂದೆವು. ಮೂರನೇ ಸಲ ಅಪ್ಪನ ಕಟಿಂಗ್ ನೋಡಿದ. ನಾಲ್ಕನೇ ಸಲ ಕುರ್ಚಿಯ ಮೇಲೆ ಕೂತ, ಬಟ್ಟೆ ಹೊದಿಸಲಿಲ್ಲ. ಅಂಗಡಿಯಣ್ಣ ಪುಣ್ಯಾತ್ಮ, ಗಿರಾಕಿ ಇಲ್ಲದ ಮಧ್ಯಾಹ್ನ ಎರಡಕ್ಕೆ ಬನ್ನಿ ಅಂದ, ಮಷೀನ್ ಬಿಟ್ಟು ಕತ್ತರಿಯಲ್ಲೇ ಮಾಡಿದ. "ಇನ್ನ ಹತ್ತು ಸಲ ಕತ್ರಿ ಆಡಿಸ್ತೀನೋ ತಮ್ಮಾ, ಎಣಿಸು" ಅಂದ. ಇವನು ಎಣಿಸಿದ. ಹತ್ತಕ್ಕೆ ಅಂಗಡಿಯಣ್ಣ ಕೈ ಎತ್ತಿಬಿಟ್ಟ. ಅರ್ಧ ತಲೆ ಕಟಿಂಗ್ ಆಗಿತ್ತು. ಅರ್ಧ ತಲೆಯಲ್ಲೇ ಮನೆಗೆ ಬಂದೆವು, ಮರುದಿನ ಉಳಿದದ್ದು. ಆದರೆ ಹೇಳಿದ ಮಾತಿಗೆ ಅವನು ನಿಂತ. ಅಂದಿನಿಂದ ಬೇರೆ ಅಂಗಡಿಗೆ ನಾವು ಹೋಗಿಲ್ಲ.

ಬಸ್ಸು: ಮೊದಲ ಸ್ಟಾಪಿನಲ್ಲಿ ಹತ್ತಿ, ಕಿಟಕಿ ಸೀಟು ಹಿಡಿಯಿರಿ. ಕಂಡಕ್ಟರಿಗೆ ಹತ್ತುವಾಗಲೇ ಒಂದು ಮಾತು ಹೇಳಿಡಿ: "ಅಣ್ಣಾ, ಇವನಿಗೆ ಸೀಟಿ ಸದ್ದು ಆಗಂಗಿಲ್ಲ." ಬಹಳ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಗವಿಮಠದ ಜಾತ್ರೆಗೆ ಹೋಗಬೇಕೋ ಬೇಡವೋ ಅನ್ನುವುದು ಪ್ರತಿ ಜನವರಿಯ ಪ್ರಶ್ನೆ. ಲಕ್ಷಾಂತರ ಜನ ಸೇರುವ ಕಡೆ ತೇರಿನ ಹೊತ್ತಿಗೆ ನಾವು ಕರೆದೊಯ್ಯುವುದಿಲ್ಲ. ಅದು ನನ್ನ ಲೆಕ್ಕದಲ್ಲಿ ಸೋಲಲ್ಲ. ಮುಂಚಿನ ದಿನ ಖಾಲಿ ಮೈದಾನ ತೋರಿಸುತ್ತೇವೆ. ತೇರು ಎಳೆದ ಮರುದಿನ ಬೆಳಿಗ್ಗೆ ಬೇಗ ಹೋಗಿ, ದಾಸೋಹದಲ್ಲಿ ರೊಟ್ಟಿ, ಮಾದಲಿ ಊಟ ಮಾಡಿ ಬರುತ್ತೇವೆ. ಮಾದಲಿ ಅವನ ಪ್ರಾಣ. ಹೋಗುವಾಗಲೇ ಹೇಳಿರುತ್ತೇವೆ: ಊಟ, ಒಂದು ಪೀಪಿ, ಮನೆ. ಮೂರು ಕಾರ್ಡು ಜೇಬಿನಲ್ಲಿ.

ಕಳೆದುಹೋಗುವ ಭಯ ನಿಜವಾದದ್ದು. ಅಂಗಿಯ ಒಳಗೆ ಫೋನ್ ನಂಬರ್ ಹೊಲಿಯಿರಿ. ಅಕ್ಕಪಕ್ಕದ ಮನೆಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ಮಗುವಿನ ಮುಖ ಪರಿಚಯವಿರಲಿ. ಕಾಣದಾದರೆ ಮೊದಲು ನೀರಿನ ಕಡೆ ಓಡಿ, ಆಮೇಲೆ ಬೇರೆ ಕಡೆ. ಇದನ್ನು ಬಹಳ ಜನ ಹೇಳುವುದಿಲ್ಲ, ನಾನು ಹೇಳಲೇಬೇಕು. ಆಟಿಸಂ ಇರುವ ಹಲವು ಮಕ್ಕಳಿಗೆ ನೀರು ಕಂಡರೆ ಸೆಳೆತ, ಮುಳುಗುವ ಅಪಾಯವೂ ಜಾಸ್ತಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಮನೆ ಮುಂದೆಯೇ ಕಾಲುವೆ ಇರುತ್ತದೆ. ಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಹಾಕಿ. ಸಾಧ್ಯವಾದರೆ ಈಜು ಕಲಿಸಿ. 112ಕ್ಕೆ ಫೋನ್ ಮಾಡಲು ಸಂಕೋಚ ಪಡಬೇಡಿ.

ಹೆಜ್ಜೆ 8: ಶಾಲೆ

ಒಂದು ಶಾಲೆಯವರು "ಬೇರೆ ಮಕ್ಕಳಿಗೆ ತೊಂದರೆ" ಅಂತ ನಮ್ಮನ್ನು ವಾಪಸ್ ಕಳಿಸಿದರು. ಹಾಗೆ ಕಳಿಸುವಂತಿಲ್ಲ ಅಂತ ಆಗ ನಮಗೆ ಗೊತ್ತಿರಲಿಲ್ಲ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಅನ್ನುವ ಆಯ್ಕೆ ನಿಮ್ಮದು. ತಾಲೂಕಿನ ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೇಳಿ, ಬಿ.ಐ.ಇ.ಆರ್.ಟಿ. ಎಂಬ ವಿಶೇಷ ಶಿಕ್ಷಕರು ಇರುತ್ತಾರೆ, ಅವರನ್ನು ಕಾಣಿ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಇದೆ. ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಬೇಕಿದ್ದರೆ ವರ್ಷದ ಶುರುವಿನಲ್ಲೇ ಕೇಳಿ.

ಟೀಚರಿಗೆ ಒಂದೇ ಒಂದು ಹಾಳೆ ಬರೆದುಕೊಡಿ: ಇವನಿಗೆ ಏನಿಷ್ಟ, ಯಾವುದಕ್ಕೆ ಹೆದರುತ್ತಾನೆ, ಹೆದರಿದಾಗ ಏನು ಮಾಡಬೇಕು. ಉಪದೇಶ ಬೇಡ, ಅವರ ಕ್ಲಾಸಿನಲ್ಲಿ ಇನ್ನೂ ನಲವತ್ತು ಮಕ್ಕಳಿದ್ದಾರೆ. ನಮ್ಮವನಿಗೆ ಶಾಲೆಯ ಗಂಟೆಯೇ ವೈರಿಯಾಗಿತ್ತು. ಸರ್ಕಾರಿ ಶಾಲೆಯ ಒಬ್ಬ ಅಕ್ಕೋರು ಒಂದು ದಿನ ಗಂಟೆ ಹೊಡೆಯುವ ಸುತ್ತಿಗೆಯನ್ನು ಅವನ ಕೈಗೇ ಕೊಟ್ಟರು. ಸದ್ದು ಯಾವಾಗ ಬರುತ್ತದೆ ಅಂತ ಈಗ ಅವನಿಗೇ ಮೊದಲು ಗೊತ್ತು. ಏಳನೇ ಇಯತ್ತೆ ಮುಗಿಯುವವರೆಗೂ ಆ ಶಾಲೆಯ ಗಂಟೆ ಒಂದು ನಿಮಿಷವೂ ಹಿಂದೆ ಮುಂದೆ ಆಗಲಿಲ್ಲ.

ಹರೆಯದ ಬದಲಾವಣೆಯನ್ನೂ ಬರುವ ಮುಂಚೆಯೇ ಹೇಳಿ. ಹೆಣ್ಣುಮಕ್ಕಳಿಗೆ ಪ್ಯಾಡ್ ಹಾಕುವುದನ್ನು ಒಂದು ವರ್ಷ ಮೊದಲೇ ಚಿತ್ರದ ಮೂಲಕ ತೋರಿಸಿ. ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ಇಬ್ಬರಿಗೂ ಕಲಿಸಿ. ಮಾತು ಬರದ ಮಗುವಿಗೆ ಇದು ಇನ್ನೂ ಮುಖ್ಯ.

ಹೆಜ್ಜೆ 9: ಕೆಲಸ

ನಮ್ಮ ಅಂಗಡಿಯಲ್ಲೂ ಎಲ್ಲ ಅಂಗಡಿಗಳಂತೆ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡಿತ್ತು. ಒಂದು ದಿನ ಒಬ್ಬರು ಉದ್ರಿ ಕೇಳಿದರು. ತಮ್ಮ ಬೋರ್ಡು ತೋರಿಸಿ "ನಾಳೆ" ಅಂದ. ಅವರು ನಗುತ್ತಾ ಹೋದರು, ಮರುದಿನ ನಿಜವಾಗಿಯೂ ಬಂದರು. ಇವನು ಐದು ಕೆಜಿ ಅಕ್ಕಿ, ಒಂದು ಎಣ್ಣೆ ಪಾಕೀಟು ಉದ್ರಿ ಕೊಟ್ಟು ಕಳಿಸಿದ್ದ. ಕೇಳಿದರೆ "ಇವತ್ತು ನಾಳೆ" ಅಂದ. ತಪ್ಪು ಯಾರದು? ಬೋರ್ಡು ತೆಗೆದೆವು. ಅವರೂ ಸಂಬಳದ ದಿನ ದುಡ್ಡು ತಂದುಕೊಟ್ಟರು, ಅನ್ನಿ.

ಕೆಲಸ ಹುಡುಕುವಾಗ ಈ ಗುಣವನ್ನೇ ಹಿಡಿಯಿರಿ. ಹೇಳಿದ್ದನ್ನು ಹೇಳಿದಂತೆ ಮಾಡುವುದು, ಎಣಿಸುವುದು, ಜೋಡಿಸುವುದು. ಪಾಕೀಟು ಕಟ್ಟುವುದು, ಬೀಜ ಆರಿಸುವುದು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಗುಂಡಿ ಎಣಿಸಿ ಇಡುವಂಥ ಕೆಲಸ, ಕಂಪ್ಯೂಟರಿನಲ್ಲಿ ಎಂಟ್ರಿ. ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಜೀವನಪೂರ್ತಿ ಊಟ, ಸ್ನಾನಕ್ಕೂ ಜೊತೆ ಬೇಕಾಗುತ್ತದೆ. ಅವರ ದಿನಕ್ಕೂ ಒಂದು ಕೆಲಸ ಇರಲಿ, ಗಿಡಕ್ಕೆ ನೀರು ಹಾಕುವುದಾದರೂ ಸರಿ. ಓದಿದವರು ಸರ್ಕಾರಿ ನೌಕರಿಯ ಮೀಸಲಾತಿ ನೋಡಿ: 2016ರ ಕಾಯ್ದೆಯ ಶೇಕಡಾ 4ರಲ್ಲಿ ಆಟಿಸಂ ಮತ್ತು ಇನ್ನು ಕೆಲವಕ್ಕೆ ಸೇರಿ ಶೇಕಡಾ 1 ಇದೆ.

"ನಾವು ಹೋದ ಮೇಲೆ ಇವನಿಗೆ ಯಾರು?" ಅನ್ನುವುದು ಎಲ್ಲ ಅಪ್ಪ ಅವ್ವಂದಿರ ರಾತ್ರಿಯ ಪ್ರಶ್ನೆ. 18 ತುಂಬಿದ ಮೇಲೆ ತಂದೆ ತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಬೇಕಿದ್ದರೆ ಜಿಲ್ಲಾಧಿಕಾರಿಯವರ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ನಾನು ಇದ್ದೇನೆ ಅಂತ ನಮ್ಮವ್ವನಿಗೆ ಗೊತ್ತು. ಆದರೂ ಕಾಗದದಲ್ಲಿ ಇರಲಿ ಅಂತ ನಾನೇ ಹೇಳಿದೆ.

ಹೆಜ್ಜೆ 10: ಜನರ ಮಾತು, ನಿಮ್ಮ ನಿದ್ದೆ

"ಯಾವ ದೇವರಿಗೆ ಹರಕೆ ತಪ್ಪಿಸೀರಿ?" ಅಂತ ಕೇಳುವವರು ಸಿಗುತ್ತಾರೆ. ಒಂದೇ ಉತ್ತರ ಸಿದ್ಧ ಮಾಡಿಟ್ಟುಕೊಳ್ಳಿ. ನನ್ನದು: "ಅವನ ಮಿದುಳು ಬೇರೆ ತರ ಕೆಲಸ ಮಾಡತೈತ್ರಿ. ನಿಮಗೆ ಸಕ್ಕರೆ ಎಷ್ಟು ಕೊಡ್ಲಿ?"

ಮನೆಯಲ್ಲಿ ಒಬ್ಬರ ಮೇಲೇ ಭಾರ ಬೀಳಬಾರದು. ವಾರಕ್ಕೆ ಅರ್ಧ ದಿನ ತಾಯಿಗೆ ರಜೆ ಕೊಡಿ. ನಿಜವಾದ ರಜೆ, ಬಟ್ಟೆ ಒಗೆಯುವ ರಜೆ ಅಲ್ಲ. ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಮರೆಯಬೇಡಿ. ನಾನು ಹತ್ತನೇ ಕ್ಲಾಸಿನಲ್ಲಿ ಎಷ್ಟು ಮಾರ್ಕ್ಸ್ ತೆಗೆದೆ ಅಂತ ನಮ್ಮಪ್ಪನಿಗೆ ಈಗಲೂ ನೆನಪಿಲ್ಲ. ತೀರಾ ಸಾಕಾಗಿದೆ ಅನ್ನಿಸಿದರೆ 14416 ಸಂಖ್ಯೆಯ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ಇದನ್ನು ಓದುತ್ತಾ "ಇದೆಲ್ಲ ನನ್ನದೇ ಕಥೆ" ಅನ್ನಿಸಿದ ದೊಡ್ಡವರೂ ಇರಬಹುದು. ಚೆನ್ನಾಗಿ ಓದಿ, ಕೆಲಸಕ್ಕೂ ಸೇರಿ, ಮೂವತ್ತು ದಾಟಿದ ಮೇಲೆ ತಮಗೆ ಆಟಿಸಂ ಇದೆ ಅಂತ ತಿಳಿದವರಿದ್ದಾರೆ. ಹೆಂಗಸರಲ್ಲಂತೂ ಇದನ್ನು ಗುರುತಿಸದೆ ಬಿಟ್ಟದ್ದೇ ಜಾಸ್ತಿ. ಮನೋವೈದ್ಯರನ್ನು ಕಾಣಿ. ಕೆಲಸದ ಕಡೆ "ಬಾಯಲ್ಲಿ ಹೇಳಬೇಡಿ, ವಾಟ್ಸಾಪಿನಲ್ಲಿ ಬರೆದು ಕಳಿಸಿ" ಅಂತ ಕೇಳಿಕೊಳ್ಳಿ. ಮದುವೆಮನೆಯಲ್ಲಿ ಅರ್ಧ ತಾಸು ಇದ್ದು ಎದ್ದು ಬನ್ನಿ. ಮೇಲಿನ ಕಾರ್ಡು ನಿಮಗೂ ಆಗುತ್ತವೆ, ರಟ್ಟಿನ ಬದಲು ಡೈರಿ ಅಷ್ಟೇ.

ಶಟರ್ ಎಳೆದ ಮೇಲೆ, ರಾತ್ರಿ ಒಂಬತ್ತೂವರೆಗೆ, ನಾವಿಬ್ಬರೂ ನಾಳೆಯ ಕಾರ್ಡು ಹಚ್ಚುತ್ತೇವೆ. ಅವನಿಗೆ ಓದಲು ಬರುತ್ತದೆ, ಆದ್ದರಿಂದ ಈಗ ಚಿತ್ರ ಕಡಿಮೆ, ಅಕ್ಷರ ಜಾಸ್ತಿ. ಹೋದ ವಾರ ನಾನು ಹಲ್ಲು ತೋರಿಸಲು ಹೊಸಪೇಟೆಗೆ ಹೋಗುವುದಿತ್ತು, ಅವನಿಗೆ ಹೇಳುವುದನ್ನೇ ಮರೆತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಕೆಂಪು ಕಾರ್ಡಿನ ಪಕ್ಕ ಹೊಸದೊಂದು ರಟ್ಟು. ನಾನು ಫೋನಿನಲ್ಲಿ ಆಡಿದ ಮಾತು ಕೇಳಿಸಿಕೊಂಡಿದ್ದಾನೆ. ಅವನ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: "ಅಕ್ಕ ಹೊಸಪೇಟೆ. 4 ಗಂಟೆಗೆ ಬಾ."

ನಾಲ್ಕಕ್ಕೆ ಹತ್ತು ನಿಮಿಷ ಮುಂಚೆಯೇ ಬಂದೆ. ತಡವಾಗಿದ್ದರೆ ಕೆಂಪು ಕಾರ್ಡು ನನಗೇ ತೋರಿಸುತ್ತಿದ್ದ.